ಕಪ್ಪು ಕಾರಿನ ಮೇಡಂ

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ಬ್ರೇಕ್ ಆಯಿಲ್ ಕೊಳ್ಳಲು ಬಂದಿದ್ದ ಒಬ್ಬ ಗಿರಾಕಿ. ಮೈಸೂರಿನಲ್ಲಂತೆ, ನಿದ್ದೆಯಲ್ಲೇ ಹೋದರಂತೆ, ಆಗಲೇ ಹದಿನೈದು ದಿನವಾಯಿತಂತೆ. ಮನೆಗೆ ಹೋಗಿ ಊಟಕ್ಕೆ ಕೂತಾಗ ಹೆಂಡತಿ ವಿಷಯ ಕೇಳಿ, "ಯಾರವರು? ನಿಮಗೆ ಪಾಠ ಮಾಡಿದ್ರಾ?" ಎಂದಳು. ಪಾಠ ಮಾಡಿರಲಿಲ್ಲ. ನಾನು ಓದಿದ್ದು ಪಿಯುಸಿ, ಅದೂ ಕಾಮರ್ಸ್. ಅವರು ಭದ್ರಾವತಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದವರು. ಶಿವಮೊಗ್ಗದ ಸವಳಂಗ ರಸ್ತೆಯ ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಅವರು ಗಿರಾಕಿ. ಅಷ್ಟೇ ಎಂದು ಹೇಳಿ ಮುಗಿಸಬಹುದಿತ್ತು. ಮುಗಿಸಲಾಗಲಿಲ್ಲ. ತಟ್ಟೆಯಲ್ಲಿ ಅನ್ನ ಆರಿಹೋಗುವವರೆಗೂ ನಾನು ಒಂದೇ ಸಮನೆ ಮಾತಾಡಿದೆ. ಮಾತಾಡಿದ್ದು ಬೇರೇನಲ್ಲ, ಕಾರಿಗೆ ಹಾಕುವ ಪಾಲಿಶಿನ ಬಗ್ಗೆ. ಹೆಂಡತಿಗೆ ನಗು ಬಂತು. ಆಮೇಲೆ ಅವಳೇ, ಇದನ್ನೆಲ್ಲ ಬರೆದಿಡಿ ಎಂದಳು.

ಅವರ ಹೆಸರು ಬರೆಯುವುದಿಲ್ಲ. ಕೇಳಿದ್ದರೆ ಅವರು ಬೇಡವೆಂದೇ ಹೇಳುತ್ತಿದ್ದರು. ನನಗೆ ಅವರು ಯಾವಾಗಲೂ ಬರೀ ಮೇಡಂ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಅಂಗಡಿ ತೆರೆದು ನಾಲ್ಕು ವರ್ಷವಾಗಿತ್ತು. ಮಳೆಗಾಲ ಮುಗಿಯುತ್ತಿದ್ದ ಒಂದು ಮಧ್ಯಾಹ್ನ ಕಪ್ಪು ಬಣ್ಣದ ಹಳೆಯ ಕಾರೊಂದು ನನ್ನ ಅಂಗಡಿಯ ಮುಂದೆ ಹಾದುಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಮತ್ತೆ ಹೋಯಿತು. ನಾಲ್ಕನೆಯ ಸಲ ಬಂದಾಗ ಎದುರಿನ ಕಟ್ಟಡದ ನೆರಳಿನಲ್ಲಿ ನಿಂತಿತು. ಪಕ್ಕದಲ್ಲೇ ದೊಡ್ಡ ಮರದ ನೆರಳಿತ್ತು, ಅಲ್ಲಿ ನಿಲ್ಲಿಸಲಿಲ್ಲ. ಮರದಲ್ಲಿ ಹಕ್ಕಿಗಳಿರುತ್ತವೆ, ಹಕ್ಕಿಯ ಹಿಕ್ಕೆ ಬಣ್ಣವನ್ನು ಸುಡುತ್ತದೆ ಎಂದು ಆಮೇಲೆ ಅವರೇ ಹೇಳಿದರು. ಕಾರಿನಿಂದ ಇಳಿದವರು ಹತ್ತಿ ಸೀರೆ ಉಟ್ಟ, ಕೈಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಂಡ, ಸುಮಾರು ನಲವತ್ತೈದರ ಹೆಂಗಸು. ಆಗ ನಮ್ಮ ಊರಲ್ಲಿ ಕಾರು ಓಡಿಸುವ ಹೆಂಗಸರು ಎಷ್ಟು ಕಡಿಮೆಯೆಂದರೆ, ಪಕ್ಕದ ಅಂಗಡಿಯವನು ಎದ್ದು ಬಂದು ನೋಡಿದ.

ವಿನೋಬನಗರದ ಮನೆಯಿಂದ ಭದ್ರಾವತಿಯ ಕಾಲೇಜಿಗೆ ಅವರು ಹದಿನೆಂಟು ವರ್ಷ ಬಸ್ಸಿನಲ್ಲಿ ಓಡಾಡಿದ್ದರು, ಬಹುಪಾಲು ನಿಂತುಕೊಂಡೇ. ಕೊನೆಗೊಂದು ದಿನ ಡ್ರೈವಿಂಗ್ ಕಲಿತು, ಒಬ್ಬ ಡಾಕ್ಟರ ಹಳೆಯ ಕಾರು ಕೊಂಡು, ಮಾಸಿದ್ದ ಅದಕ್ಕೆ ಆ ಮಳೆಗಾಲದಲ್ಲಷ್ಟೇ ಭದ್ರಾವತಿಯಲ್ಲಿ ಹೊಸದಾಗಿ ಬಣ್ಣ ಹೊಡೆಸಿದ್ದರು. ಮತ್ತೆ ಕಪ್ಪೇ ಯಾಕೆ ಎಂದು ಗಂಡ ಕೇಳಿದ್ದರಂತೆ. ಕಪ್ಪು ಕಾರಿನಲ್ಲಿ ಏನನ್ನೂ ಬಚ್ಚಿಡಲು ಆಗುವುದಿಲ್ಲ, ಅದಕ್ಕೇ ಇಷ್ಟ ಎಂದಿದ್ದರಂತೆ.

ಪಾಲಿಶ್ ಬೇಕು ಎಂದರು. ನಾನು ಹಿಂದಿನ ಶೆಲ್ಫಿನಿಂದ ಒಂದು ಡಬ್ಬ ತೆಗೆದು ಇಟ್ಟೆ. ಡಬ್ಬವನ್ನು ತಿರುಗಿಸಿ ತಿರುಗಿಸಿ ಓದಿ, ಇದರೊಳಗೆ ಏನಿದೆ ಎಂದು ಕೇಳಿದರು. ಪಾಲಿಶ್ ಇದೆ ಎಂದೆ. ಅವರು ನಗಲಿಲ್ಲ. ಹೊಸ ಬಣ್ಣಕ್ಕೆ ಆಗುತ್ತದೆಯೇ ಎಂದು ಕೇಳಿದರು.

"ಎಲ್ಲಾ ಕಾರಿಗೂ ಆಗುತ್ತೆ ಮೇಡಂ. ಕಣ್ಣು ಮುಚ್ಚಿಕೊಂಡು ಹಾಕಿ" ಎಂದೆ.

ಮುಂದಿನ ಸೋಮವಾರ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಅವರು ಬಂದು ನಿಂತಿದ್ದರು. ಕೈಯಲ್ಲಿ ಒಂದು ಬಟ್ಟೆಯಿತ್ತು. ಅದನ್ನು ಗಾಜಿನ ಕೌಂಟರಿನ ಮೇಲೆ ಹರಡಿದರು. ಬಿಳಿ ಬಟ್ಟೆ ಕಾಡಿಗೆ ಒರೆಸಿದ ಹಾಗೆ ಕಪ್ಪಾಗಿತ್ತು. ಕಾರು ಅಷ್ಟೊಂದು ಕೊಳೆಯಾಗಿತ್ತೇ ಎಂದು ಕೇಳಿದೆ.

"ಇದು ಕೊಳೆ ಅಲ್ಲ" ಎಂದರು. "ಇದು ನನ್ನ ಕಾರು."

ಹೊರಗೆ ಕರೆದುಕೊಂಡು ಹೋದರು. ನೆರಳಿನಲ್ಲಿ ಬಾನೆಟ್ ಚೆನ್ನಾಗಿಯೇ ಹೊಳೆಯುತ್ತಿತ್ತು. ಆಮೇಲೆ ಕಾರನ್ನು ಮುಂದಕ್ಕೆ ತಂದು ಬಿಸಿಲಿಗೆ ನಿಲ್ಲಿಸಿ, ಈಗ ನೋಡಿ ಎಂದರು. ಬಾನೆಟ್ಟಿನ ತುಂಬ ಜೇಡರ ಬಲೆ ಕಟ್ಟಿದ ಹಾಗೆ ಸಣ್ಣ ಸಣ್ಣ ಗೆರೆಗಳು, ಸುತ್ತು ಸುತ್ತಾಗಿ, ಕೈ ಹೋದ ಕಡೆಯೆಲ್ಲ. ಡಬ್ಬ ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಬೈಗುಳಕ್ಕೆ ಕಾದೆ. ಅವರು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: ನೀವು ಇದನ್ನು ಯಾವತ್ತಾದರೂ ನಿಮ್ಮ ಕೈಯಾರೆ ಒಂದು ಕಾರಿಗೆ ಹಚ್ಚಿದ್ದೀರಾ?

ಹಚ್ಚಿರಲಿಲ್ಲ. ನಾಲ್ಕು ವರ್ಷದಿಂದ ಮಾರುತ್ತಿದ್ದೆ, ಒಂದು ಡಬ್ಬದ ಮುಚ್ಚಳವನ್ನೂ ತೆಗೆದಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಅವರು ನೋಡುತ್ತಿದ್ದ ರೀತಿಗೆ ನಿಜವೇ ಬಾಯಿಗೆ ಬಂತು.

"ಸರಿ. ನಂಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ. ಭಾನುವಾರ ಬಿಡುವಿದೆಯಾ?" ಎಂದರು.

ಅವಸರಕ್ಕೆ ಕಾರಣವಿತ್ತು. ಅವರ ಹತ್ತಿರ ಡಿಗ್ರಿ ಓದಿ ಮುಗಿಸಿದ್ದ ರೇವತಿ ಎಂಬ ಹುಡುಗಿಯ ಮದುವೆ ಆರು ವಾರದಲ್ಲಿತ್ತು. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಗಾರ. ಹಿಂದೊಮ್ಮೆ ಲ್ಯಾಬಿನಲ್ಲಿ ಆ ಹುಡುಗಿ, ನನ್ನ ಮದುವೆಗೆ ನಾನು ನಿಮ್ಮ ಕಾರಲ್ಲೇ ಹೋಗೋದು ಮೇಡಂ ಎಂದಿದ್ದಳಂತೆ. ಮೇಡಂ ಆಗಲಿ ಎಂದಿದ್ದರು. ಹುಡುಗಿ ತಮಾಷೆಗೆ ಹೇಳಿದ್ದಿರಬಹುದು, ಇವರು ತಮಾಷೆಗೆ ಒಪ್ಪಿರಲಿಲ್ಲ.

ಭಾನುವಾರ ನಾನು ಅಂಗಡಿಯಲ್ಲಿದ್ದ ಎಲ್ಲ ಬಗೆಯ ಪಾಲಿಶಿನ ಒಂದೊಂದು ಡಬ್ಬವನ್ನು ಚೀಲಕ್ಕೆ ಹಾಕಿಕೊಂಡು ಅವರ ಜೊತೆ ಭದ್ರಾವತಿಗೆ ಹೋದೆ. ಅವರ ಕಾರಿನಲ್ಲಿ ಅದೇ ಮೊದಲ ಸವಾರಿ. ಗಂಟೆಗೆ ನಲವತ್ತು ಕಿಲೋಮೀಟರ್ ದಾಟಲಿಲ್ಲ. ಮಾಚೇನಹಳ್ಳಿಯ ಹತ್ತಿರ ನಮ್ಮನ್ನು ಒಂದು ಟ್ರ್ಯಾಕ್ಟರ್ ಹಿಂದೆ ಹಾಕಿತು. ಮೇಡಂ ಅದಕ್ಕೆ ಕೈ ತೋರಿಸಿ ದಾರಿ ಬಿಟ್ಟರು.

ಬಣ್ಣ ಹೊಡೆದಿದ್ದವನು ಸೆಲ್ವಂ. ಕಾರ್ಖಾನೆಯಲ್ಲಿ ಪೇಂಟರ್ ಆಗಿದ್ದು, ಅಲ್ಲಿಂದ ಬಿಟ್ಟು ಬಂದ ಮೇಲೆ ಸ್ವಂತ ಶೆಡ್ಡು ಹಾಕಿಕೊಂಡಿದ್ದ. ನಮ್ಮನ್ನು ನೋಡಿದ ಕೂಡಲೇ ಜಗಳಕ್ಕೆ ತಯಾರಾದ. ಮೇಡಂ ಕಾರಿನ ಬಾಗಿಲು ತೆಗೆದು, ಒಳಗಿನ ಅಂಚಿನಲ್ಲಿ ಯಾರಿಗೂ ಕಾಣದ ಜಾಗಕ್ಕೆ ಹೆಬ್ಬೆರಳ ಉಗುರನ್ನು ಒತ್ತಿ ತೋರಿಸಿದರು. ಉಗುರಿನ ಗುರುತು ಅರ್ಧಚಂದ್ರದ ಹಾಗೆ ಕೂತಿತು.

"ಮಳೇಲಿ ಬೇಡ ಅಂತ ನಾನೇ ಹೇಳಿದ್ದೆ ಮೇಡಂ. ನೀವೇ ಅವಸರ ಮಾಡಿದ್ದು" ಎಂದ ಸೆಲ್ವಂ.

"ಹೌದು, ಅದು ನನ್ನ ತಪ್ಪು" ಎಂದರು ಮೇಡಂ.

ಜಗಳಕ್ಕೆ ನಿಂತಿದ್ದ ಸೆಲ್ವಂ ತಣ್ಣಗಾದ. ಒಳಗೆ ಹೋಗಿ ಟೀ ತರಿಸಿದ. ಟೀ ಕುಡಿಯುತ್ತಾ ಮೇಡಂ ನಮಗಿಬ್ಬರಿಗೂ ವಿವರಿಸಿದರು. ಬಣ್ಣ ಮೇಲೆ ಒಣಗಿದ ಹಾಗೆ ಕಾಣುತ್ತದೆ, ಆದರೆ ಅದರೊಳಗೆ ಬೆರೆಸಿದ ಥಿನ್ನರ್ ಇನ್ನೂ ನಿಧಾನವಾಗಿ ಹೊರಗೆ ಹೋಗುತ್ತಲೇ ಇದೆ. ಅದು ಪೂರ್ತಿ ಹೋಗುವವರೆಗೆ ಬಣ್ಣ ಮೆತ್ತಗಿರುತ್ತದೆ. ನಾನು ಕೊಟ್ಟ ಪಾಲಿಶಿನಲ್ಲಿ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಪುಡಿಯಿದೆ; ಗಟ್ಟಿ ಬಣ್ಣವಾದರೆ ಅದು ಉಜ್ಜಿ ಹೊಳಪು ತರುತ್ತದೆ, ಮೆತ್ತನೆಯ ಬಣ್ಣವನ್ನು ಕೆರೆದುಕೊಂಡೇ ಹೋಗುತ್ತದೆ. ಇಷ್ಟನ್ನು ನನಗೆ ನಾಲ್ಕು ವರ್ಷದಲ್ಲಿ ಯಾವ ಕಂಪನಿಯವನೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಸೆಲ್ವಂ ಕಾರಿಗೆ ಹೊಡೆಯುವ ಮೊದಲು ಅದೇ ಬಣ್ಣವನ್ನು ಒಂದು ಗುಜರಿ ಬಾಗಿಲಿಗೆ ಹೊಡೆದು ನೋಡಿದ್ದ. ಆ ಬಾಗಿಲು ಶೆಡ್ಡಿನ ಗೋಡೆಗೆ ಒರಗಿತ್ತು. ಅದನ್ನು ನೋಡಿ ಮೇಡಂಗೆ ಆದ ಸಂತೋಷವನ್ನು ಹೇಗೆ ಹೇಳಲಿ. ಅದೇ ಬಣ್ಣ, ಅದೇ ವಾರ, ಅದೇ ಮಳೆ, ಅಷ್ಟೇ ಮೆತ್ತಗೆ. ಬಳೆ, ಉಂಗುರ ತೆಗೆದು ಪರ್ಸಿಗೆ ಹಾಕಿದರು, ಸೆರಗಿನ ಪಿನ್ನು ತೆಗೆದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಬಾಗಿಲನ್ನು ಎರಡು ಕುರ್ಚಿಗಳ ಮೇಲೆ ಮಲಗಿಸಿ, ಅಂಟುಪಟ್ಟಿ ಹಚ್ಚಿ ಎಂಟು ಚೌಕ ಮಾಡಿದೆವು. ಒಂದೊಂದು ಚೌಕಕ್ಕೆ ಒಂದೊಂದು ಪಾಲಿಶ್. ಟ್ಯಾಕ್ಸಿಯವರು ಹಾಕುವ ಸೀಮೆಎಣ್ಣೆ ಬೆರೆಸಿದ ನೀರಿಗೂ ಒಂದು ಚೌಕ, ಸೆಲ್ವಂ ಹೇಳಿದ ಕೊಬ್ಬರಿ ಎಣ್ಣೆಗೂ ಒಂದು ಚೌಕ. ಯಾವುದನ್ನೂ ಅವರು ತಮಾಷೆ ಮಾಡಲಿಲ್ಲ. ಹಾಕಿ ನೋಡದೆ ಹೇಗೆ ಗೊತ್ತಾಗುತ್ತೆ ಎನ್ನುತ್ತಿದ್ದರು.

ಪ್ರತಿ ಚೌಕಕ್ಕೂ ಇಪ್ಪತ್ತು ಸಲ ಉಜ್ಜಬೇಕು. ಅವರು ಗಟ್ಟಿಯಾಗಿ ಎಣಿಸುತ್ತಿದ್ದರು. ನಾನು ಉಜ್ಜಿದ ಚೌಕಗಳಲ್ಲಿ ಗೆರೆ ಹೆಚ್ಚು ಬಂದವು, ಅವರು ಉಜ್ಜಿದವುಗಳಲ್ಲಿ ಕಡಿಮೆ. ಪಾಲಿಶಿನ ತಪ್ಪೋ ಕೈಯ ತಪ್ಪೋ ಎಂಬ ಅನುಮಾನ ಬಂತು. ಪಕ್ಕದಲ್ಲಿ ಗುಜರಿ ಅಂಗಡಿಯಿತ್ತು. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಅಲ್ಲಿಯ ತೂಕದ ಯಂತ್ರದ ಮೇಲೆ ಬಟ್ಟೆಯಿಟ್ಟು ಒತ್ತಿಸಿದರು. ಮುಳ್ಳು ನಾಲ್ಕು ಕೆಜಿಗೆ ಹೋಯಿತು. ಮೇಡಂ ಒತ್ತಿದರೆ ಅರ್ಧ ಕೆಜಿ. ನನ್ನ ಅಂಗೈಗೆ ಅರ್ಧ ಕೆಜಿ ಅಂದರೆ ಎಷ್ಟು ಎಂಬ ಅಂದಾಜು ಸಿಗುವವರೆಗೂ ಅಲ್ಲೇ ನಿಲ್ಲಿಸಿದರು. ಗುಜರಿಯ ಸಾಬರು ತಮ್ಮ ಕೆಲಸ ಬಿಟ್ಟು ಬಂದು, ಅವರೂ ಒಮ್ಮೆ ಒತ್ತಿ ನೋಡಿದರು. ಸೆಲ್ವಂ ಒತ್ತಿದ. ಮುಳ್ಳು ಅರ್ಧ ಕೆಜಿಯಲ್ಲಿ ಸ್ವಲ್ಪವೂ ಅಲುಗದೆ ನಿಂತಿತು. ಮೂವತ್ತು ವರ್ಷ ಬಣ್ಣ ಹೊಡೆದ ಕೈ ಅದು. ಅವತ್ತು ಅವನ ಮುಖದಲ್ಲಿದ್ದ ಹಿಗ್ಗು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ.

ಮೂರು ಭಾನುವಾರ ಹೀಗೇ ನಡೆಯಿತು. ನನಗೆ ಶನಿವಾರ ಬಂದರೆ ಸಾಕು, ಹಬ್ಬದ ಮುನ್ನಾದಿನದ ಹಾಗೆ ಆಗುತ್ತಿತ್ತು. ಎರಡನೆಯ ಭಾನುವಾರದ ಹೊತ್ತಿಗೆ ಅವರು ನನ್ನನ್ನು ನೀನು ಎನ್ನಲು ಶುರು ಮಾಡಿದ್ದರು. ಬಟ್ಟೆಗಳಿಗೂ ಪರೀಕ್ಷೆಯಾಯಿತು. ಮೆಕ್ಯಾನಿಕ್‌ಗಳು ವೇಸ್ಟ್ ಎಂದು ಬಳಸುವ ಬನಿಯನ್ ಬಟ್ಟೆಯ ಚಿಂದಿ, ಟರ್ಕಿ ಟವೆಲ್, ಹಳೆಯ ಪಂಚೆ, ಎಲ್ಲ ಆಗಿ ಕೊನೆಗೆ ಗೆದ್ದದ್ದು ತುಂಬ ಸಲ ಒಗೆದು ಮೆತ್ತಗಾದ ಬನಿಯನ್. ಅವರ ಗಂಡ ಬ್ಯಾಂಕಿನಲ್ಲಿದ್ದರು, ಮಾತು ಕಡಿಮೆಯ ಮನುಷ್ಯ. ಒಮ್ಮೆ ಮನೆಗೆ ಹೋದಾಗ ನನ್ನ ಕಿವಿಯ ಹತ್ತಿರ ಬಂದು, ತಾನೀಗ ಹೊಸ ಬನಿಯನ್‌ಗಳನ್ನು ಆಫೀಸಿನ ಡ್ರಾಯರಿನಲ್ಲಿ ಇಡುತ್ತಿದ್ದೇನೆ ಎಂದು ಹೇಳಿದರು.

ಚೌಕಗಳ ಅಂಟುಪಟ್ಟಿ ಕಿತ್ತಾಗ ಇನ್ನೊಂದು ಸಂಗತಿ ಗೊತ್ತಾಯಿತು. ಪಟ್ಟಿ ಇದ್ದ ಕಡೆಯೆಲ್ಲ ಬಣ್ಣದ ಹೊಳಪು ಅಂಟಿನ ಜೊತೆ ಎದ್ದು ಬಂದಿತ್ತು. ಎಷ್ಟು ಒರೆಸಿದರೂ ಆ ಗೆರೆಗಳು ಹೋಗಲಿಲ್ಲ. ಮೇಡಂ ನೋಟ್‌ಬುಕ್ಕಿನಲ್ಲಿ ಬರೆದು, ಅದರ ಕೆಳಗೆ ಎರಡು ಗೀಟು ಎಳೆದರು: ಅಂಟು ಮುಟ್ಟಿಸಬಾರದು.

ಆ ಹೊತ್ತಿನಲ್ಲಿ ನನ್ನ ಅಂಗಡಿಗೆ ಹುಬ್ಬಳ್ಳಿ ಕಡೆಯಿಂದ ಒಬ್ಬ ಕಂಪನಿ ಪ್ರತಿನಿಧಿ ಬಂದ. ಹಾಲಿನಂಥ ಬಿಳಿ ದ್ರವದ ಬಾಟಲಿ ತಂದಿದ್ದ. ಅಂಗಡಿ ಮುಂದೆ ನಿಂತಿದ್ದ ಒಂದು ಕಾರಿನ ಗೀರು ಬಿದ್ದ ಬಾಗಿಲಿಗೆ ಸವರಿ ಒರೆಸಿದ. ಗೀರು ಮಾಯ. ನೆರೆದಿದ್ದವರು ಬಾಯಿಬಿಟ್ಟು ನೋಡಿದರು. ಶಿವಮೊಗ್ಗ, ಭದ್ರಾವತಿ ಎರಡಕ್ಕೂ ಏಜೆನ್ಸಿ ನನಗೇ ಕೊಡುತ್ತೇನೆಂದ. ನಾನು ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ. ಆ ಭಾನುವಾರ ಬಾಟಲಿ ಹಿಡಿದುಕೊಂಡು ಶೆಡ್ಡಿಗೆ ಓಡಿದೆ ಎಂದೇ ಹೇಳಬೇಕು. ನಮ್ಮ ಹುಡುಕಾಟ ಮುಗಿಯಿತು, ಮುಗಿಸಿದವನು ನಾನು ಎಂಬ ಹೆಮ್ಮೆ.

ಮೇಡಂ ಗೆರೆ ಬಿದ್ದಿದ್ದ ಒಂದು ಚೌಕಕ್ಕೆ ಅದನ್ನು ಹಚ್ಚಿದರು. ಬಿಸಿಲಿಗೆ ಹಿಡಿದರು. ಗೆರೆಯೇ ಇಲ್ಲ. ಒರೆಸಿದ ಬನಿಯನ್ ನೋಡಿದರು, ಬಹುಮಟ್ಟಿಗೆ ಬೆಳ್ಳಗೇ ಇತ್ತು. ಅಂದರೆ ಇದರಲ್ಲಿ ಪುಡಿಯಿಲ್ಲ, ಬಣ್ಣವನ್ನು ಇದು ಕೆರೆದಿಲ್ಲ. ಹಾಗಾದರೆ ಗೆರೆ ಎಲ್ಲಿ ಹೋಯಿತು? ಅವರ ಕಣ್ಣು ಅರಳಿತು. ಸೆಲ್ವಂನಿಂದ ಒಂದು ಬಕೆಟ್ ನೀರು, ಸೋಪಿನ ಪುಡಿ ತರಿಸಿ, ಆ ಚೌಕವನ್ನು ತೊಳೆದರು. ಎರಡು ಸಲ ತೊಳೆದು ಒರೆಸಿದ ಮೇಲೆ, ಬಿಸಿಲಿನಲ್ಲಿ, ಜೇಡರ ಬಲೆ ಮೊದಲಿನ ಹಾಗೇ ಕಾಣಿಸಿಕೊಂಡಿತು. ಇದು ಗೆರೆಯನ್ನು ಅಳಿಸುವುದಲ್ಲ, ಎಣ್ಣೆಯಂಥ ಏನನ್ನೋ ತುಂಬಿ ಮುಚ್ಚುವುದು.

ಅದೇ ತಪ್ಪನ್ನು ಎರಡನೆಯ ಸಲ ಮಾಡಿದ್ದೆ. ನೋಡದೆ ಒಪ್ಪಿದ್ದೆ, ಊರಿಗೆಲ್ಲ ಮಾರುತ್ತೇನೆಂದು ಮಾತು ಕೊಟ್ಟಿದ್ದೆ. ನಾಳೆಯೇ ಫೋನು ಮಾಡಿ ಏಜೆನ್ಸಿ ಬೇಡ ಎಂದುಬಿಡುತ್ತೇನೆ, ಇದು ಮೋಸದ ಮಾಲು ಎಂದೆ.

ಮೇಡಂ ಬಾಗಿಲಿನ ಮೇಲೆ ಬಗ್ಗಿಕೊಂಡೇ ಇದ್ದರು. "ಮೋಸ ಯಾಕೆ ಮಾರಾಯ? ನಮಗೆ ಬೇಕಾಗಿರೋದು ಇದೇ ಅಲ್ವಾ" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಈಗ ಬಣ್ಣ ಮೆತ್ತಗಿದೆ, ಹಚ್ಚಿರುವುದೂ ತೆಳ್ಳಗೆ. ಗೆರೆ ತೆಗೆಯಲು ಹೊರಟರೆ ಬಣ್ಣವನ್ನೇ ತೆಗೆಯಬೇಕು. ತೆಗೆಯದೆ, ಮುಟ್ಟದೆ, ಒಂದು ದಿನದ ಮಟ್ಟಿಗೆ ಮುಚ್ಚಿಟ್ಟರೆ ಮದುವೆ ಕಳೆಯುತ್ತದೆ. ಬೇಸಿಗೆಯ ಹೊತ್ತಿಗೆ ಬಣ್ಣ ತಾನಾಗಿ ಗಟ್ಟಿಯಾಗುತ್ತದೆ. ಆಗ ನಿಜವಾದ ಪಾಲಿಶ್ ಹಾಕೋಣ. ಆಮೇಲೆ ನನ್ನ ಕಡೆ ತಿರುಗಿ, ಏಜೆನ್ಸಿ ಬಿಡಬೇಡ, ಆದರೆ ಇದು ಏನು ಮಾಡುತ್ತದೋ ಅದನ್ನೇ ಹೇಳಿ ಮಾರು ಎಂದರು.

ಮರುದಿನ ಅಂಗಡಿಯ ಮುಂದೆ ಕರಿ ಹಲಗೆ ಇಟ್ಟು ಸೀಮೆಸುಣ್ಣದಲ್ಲಿ ಬರೆದೆ: ಗೀರು ಮುಚ್ಚುತ್ತದೆ, ಅಳಿಸುವುದಿಲ್ಲ. ಮುಂದಿನ ಸಲ ಬಂದ ಪ್ರತಿನಿಧಿ ಅದನ್ನು ಓದಿ ಕೆಂಡವಾದ, ಅಳಿಸಲು ಹೇಳಿದ. ನಾನು ಅಳಿಸಲಿಲ್ಲ. ವಿಚಿತ್ರವೆಂದರೆ ಜನ ಅದನ್ನು ಓದಿಯೇ ಕೊಂಡರು. ಮದುವೆ ಕಾರಿನವರು, ಕಾರು ಮಾರಲು ಹೊರಟವರು, ಮಾವನ ಮನೆಗೆ ಹೋಗುವವರು. ಪ್ರತಿನಿಧಿ ಆಮೇಲೆ ಹಲಗೆಯ ಮಾತು ಎತ್ತಲಿಲ್ಲ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಹುಡುಗಿಯನ್ನು ಭದ್ರಾವತಿಯ ಕ್ವಾರ್ಟರ್ಸಿನಿಂದ ಶಿವಮೊಗ್ಗದ ಛತ್ರಕ್ಕೆ ಕರೆತರಬೇಕಿತ್ತು. ಬೆಳಿಗ್ಗೆ ಆರಕ್ಕೇ ನಾನು ಮೇಡಂ ಮನೆಯಲ್ಲಿದ್ದೆ. ಕಾರು ತೊಳೆದು ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಕೈಯಲ್ಲಿ ಬಿಳಿ ದ್ರವ ಹಚ್ಚಿದೆವು. ಟಾಪು, ಬಾನೆಟ್, ಬಾಗಿಲು, ಡಿಕ್ಕಿ. ಗಂಡ ವರಾಂಡದಲ್ಲಿ ನಿಂತು, ಇಲ್ಲೊಂದು ಕಡೆ ಬಿಟ್ಟಿದೀರಿ ಎಂದು ತೋರಿಸುತ್ತಿದ್ದರು. ಹತ್ತು ಗಂಟೆಗೆ ಕಾರನ್ನು ಬಿಸಿಲಿಗೆ ತಂದೆವು. ವಿನೋಬನಗರದ ಆ ರಸ್ತೆಯ ತೆಂಗಿನ ಮರ, ಕರೆಂಟಿನ ಕಂಬ, ನಮ್ಮ ಮೂವರ ಮುಖ, ಎಲ್ಲ ಅದರೊಳಗಿತ್ತು. ಒಂದು ಗೆರೆಯಿರಲಿಲ್ಲ. ನನಗೆ ಕೂಗಬೇಕೆನ್ನಿಸಿತು.

ಭದ್ರಾವತಿಗೆ ನಾನೂ ಹೋದೆ. ಯಾರಾದರೂ ಕಾರಿಗೆ ಒರಗಿಯಾರು, ಮಕ್ಕಳು ಕೈ ಇಟ್ಟಾರು ಎಂಬ ಭಯ ನನಗೆ. ಕ್ವಾರ್ಟರ್ಸಿನ ಮುಂದೆ ಕಾರು ನಿಂತದ್ದೇ ಜನ ಮುತ್ತಿದರು. ನಾನು ಸುತ್ತ ಓಡಾಡಿ ಮುಟ್ಟಬೇಡಿ, ಮುಟ್ಟಬೇಡಿ ಎಂದು ಹೇಳುತ್ತಲೇ ಇದ್ದೆ. ಅಷ್ಟರಲ್ಲಿ ರೇವತಿಯ ಸೋದರಮಾವ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ತಂದರು. ಅದರಲ್ಲಿ ಥರ್ಮಾಕೋಲಿನ ಅಕ್ಷರಗಳು. ಹುಡುಗಿಯ ಹೆಸರು, ಹುಡುಗನ ಹೆಸರು, ಸುತ್ತ ಕೆಂಪು ಬಣ್ಣ, ಮೇಲೆ ಮಿನುಗು ಪುಡಿ. ಮೂರು ಸಂಜೆ ಕೂತು ತಾವೇ ಕೊರೆದದ್ದೆಂದು ಹೇಳಿದರು. ಒಂದು ಕೈಯಲ್ಲಿ ಗೋಂದಿನ ಬಾಟಲಿಯಿತ್ತು. ಅಕ್ಷರದ ಹಿಂದೆ ದಪ್ಪಗೆ ಬಳಿದುಕೊಂಡು ಬಾನೆಟ್ಟಿನ ಕಡೆ ಹೊರಟೇಬಿಟ್ಟರು.

ನಾನು ಹಾರಿ ಹೋಗಿ ಅವರ ತೋಳು ಹಿಡಿದೆ. ಬಣ್ಣ ಕಿತ್ತು ಬರುತ್ತದೆ, ಹಚ್ಚಬೇಡಿ ಎಂದೆ. ಅವರ ಮುಖ ಪೆಚ್ಚಾಯಿತು. ರೇವತಿಯ ಅಪ್ಪ ಬಾಗಿಲಲ್ಲಿ ನಿಂತು, ದೊಡ್ಡವರ ಕಾರು ಯಾಕೆ ಕೇಳಿದೆವೋ ಎನ್ನುವ ಹಾಗೆ ನೆಲ ನೋಡಿದರು. ಅಲಂಕಾರ ಮಾಡಿಕೊಂಡು ಹೊರಗೆ ಬಂದಿದ್ದ ರೇವತಿ ಎಲ್ಲವನ್ನೂ ನೋಡಿದಳು.

ಮೇಡಂ ನನ್ನ ಹತ್ತಿರ ಬಂದರು. ಅಂಟು ತಾಗಿದರೆ ಏನಾಗುತ್ತದೆಂದು ಆ ಅಂಗಳದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಅವರೇ.

"ಕೈ ಬಿಡು" ಎಂದರು. "ಕಾರು ಮದುವೆಗೆ ಬಂದಿದೆ ಮಾರಾಯ, ಮದುವೆ ಕಾರಿಗೆ ಬಂದಿಲ್ಲ."

ಆಮೇಲೆ ಸೋದರಮಾವನ ಪಕ್ಕದಲ್ಲಿ ನಿಂತು, ಅಕ್ಷರಗಳು ಸೊಟ್ಟಗಾಗದ ಹಾಗೆ ಒಂದು ದಾರ ಹಿಡಿದುಕೊಟ್ಟರು. ರೇ, ವ, ತಿ. ಒಂದೊಂದಕ್ಕೂ ಗೋಂದು ಸಾಕಾ ಎಂದು ಅವರೇ ಕೇಳುತ್ತಿದ್ದರು.

ಛತ್ರದವರೆಗಿನ ಆ ದಾರಿ ನನಗೆ ಮರೆಯುವ ಹಾಗಿಲ್ಲ. ಮೇಡಂ ನಲವತ್ತು ದಾಟಲಿಲ್ಲ. ಹಿಂದೆ ನೆಂಟರ ವ್ಯಾನು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾಯಿತು. ರಸ್ತೆಯ ಎರಡೂ ಕಡೆ ಜನ ನಿಂತು ನೋಡಿದರು. ಮದುಮಗಳ ಕಾರನ್ನು ಹೆಂಗಸೊಬ್ಬರು ಓಡಿಸುತ್ತಿದ್ದುದು ಅವರಿಗೆ ಹೊಸದು. ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಕೂತಿದ್ದ ರೇವತಿ ಅಳುವುದನ್ನು ಮರೆತು, ಮೇಡಂ ಗೇರ್ ಬದಲಿಸುವ ಕೈಯನ್ನೇ ನೋಡುತ್ತಿದ್ದಳು.

ಮದುವೆಯಾದ ಮರುದಿನ ಅಕ್ಷರಗಳನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದೆವು. ಅಂದುಕೊಂಡ ಹಾಗೇ ಆಯಿತು. ಹುಡುಗನ ಹೆಸರು ಹೇಗೋ ಅಳಿಸಿಹೋಯಿತು, ರೇವತಿಯ ಹೆಸರು ಮಾತ್ರ ಮಂಕಾಗಿ ಬಾನೆಟ್ಟಿನ ಮೇಲೆ ಕೂತುಬಿಟ್ಟಿತು. ಓರೆಯಿಂದ ನೋಡಿದರೆ ಸ್ಪಷ್ಟವಾಗಿ ಓದಬಹುದಿತ್ತು. ಸೆಲ್ವಂಗೆ ಇದು ತನ್ನ ಮಾನದ ಪ್ರಶ್ನೆ. ಬಾನೆಟ್ ಒಂದನ್ನು ಸುಮ್ಮನೇ ಹೊಡೆದುಕೊಡುತ್ತೇನೆಂದು ಎರಡು ಸಲ ಹೇಳಿಕಳಿಸಿದ. ಮೇಡಂ ಒಪ್ಪಲಿಲ್ಲ. ಕಾಲೇಜಿನಲ್ಲಿ ಹುಡುಗರು ಓದಿ ನಕ್ಕರಂತೆ. ನಗಲಿ, ಅವಳು ಕೆಮಿಸ್ಟ್ರಿಯಲ್ಲಿ ಫಸ್ಟ್ ಕ್ಲಾಸ್ ಎಂದು ಅವರಿಗೆ ಹೇಳಿದರಂತೆ.

ಯುಗಾದಿಯ ಹೊತ್ತಿಗೆ ಬಣ್ಣ ಗಟ್ಟಿಯಾಯಿತು. ಉಗುರು ಒತ್ತಿದರೆ ಗುರುತು ಬೀಳಲಿಲ್ಲ. ಅವತ್ತು ಮೇಡಂ ನೋಟ್‌ಬುಕ್ ತೆರೆದು, ಎಂಟು ಚೌಕಗಳಲ್ಲಿ ಎಲ್ಲಕ್ಕಿಂತ ಕಡಿಮೆ ಕೆರೆದಿದ್ದ ನುಣ್ಣನೆಯ ಕ್ರೀಮ್ ಪಾಲಿಶ್ ತೆಗೆಸಿದರು. ಮೊದಲು ಬಾಗಿಲಿನ ಕೆಳಗಡೆ ಅಂಗೈಯಷ್ಟು ಜಾಗಕ್ಕೆ ಹಾಕಿ ಬಿಸಿಲಿಗೆ ನೋಡಿ, ಆಮೇಲೆ ಇಡೀ ಕಾರಿಗೆ. ಇಡೀ ಶನಿವಾರ ಹಿಡಿಯಿತು. ಜೇಡರ ಬಲೆ ಈ ಸಲ ನಿಜವಾಗಿ ಹೋಯಿತು. ಆಮೇಲೆ ತೊಳೆದೆವು, ಮತ್ತೆ ತೊಳೆದೆವು, ಗೆರೆ ಬರಲಿಲ್ಲ. ಆರು ತಿಂಗಳು ಕಾದದ್ದು ಸಾರ್ಥಕ ಎನಿಸಿತು.

ಮಾರನೆಯ ದಿನ ಭಾನುವಾರ ರೇವತಿ ಮೇಡಂ ಮನೆಗೆ ಬಂದಳು. ತನಗೂ ಡ್ರೈವಿಂಗ್ ಕಲಿಸಬೇಕೆಂದಳು. ನಿಮಗೆ ನಲವತ್ತೈದಕ್ಕೆ ಬಂತು, ನನಗೆ ಇಪ್ಪತ್ತೆರಡಕ್ಕೆ ಬರಲ್ವಾ ಮೇಡಂ ಎಂದಳು. ಇನ್ನೂ ಒಂದು ವಾರ ಬಿಟ್ಟು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಕೀ ಕೈಗೆ ತೆಗೆದುಕೊಂಡಿದ್ದರು.

ಶಂಕರಘಟ್ಟದ ಕಡೆ ಹೋದೆವು. ಭಾನುವಾರ ಯೂನಿವರ್ಸಿಟಿಯ ಬಸ್ಸುಗಳಿಲ್ಲ, ರಸ್ತೆ ಖಾಲಿ. ರೇವತಿ ಸ್ಟೀರಿಂಗ್ ಹಿಡಿದಳು, ಪಕ್ಕದಲ್ಲಿ ಮೇಡಂ, ಹಿಂದೆ ಜೀವ ಕೈಯಲ್ಲಿ ಹಿಡಿದುಕೊಂಡ ನಾನು. ಒಂದು ಗಂಟೆ ಚೆನ್ನಾಗಿಯೇ ಓಡಿಸಿದಳು. ಆಮೇಲೆ ತಿರುಗಿಸುವಾಗ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದಳು. ಕಾರು ರಸ್ತೆ ಬಿಟ್ಟಿಳಿದು, ಎಡಭಾಗ ಪೂರ್ತಿ ಒಂದು ಮೈಲಿಗಲ್ಲಿಗೆ ಉಜ್ಜಿಕೊಂಡು ಹೋಗಿ ನಿಂತಿತು. ಆ ಸದ್ದು ನನ್ನ ಹಲ್ಲಿನಲ್ಲಿ ಕೇಳಿಸಿತು.

ಯಾರಿಗೂ ಪೆಟ್ಟಾಗಿರಲಿಲ್ಲ. ರೇವತಿ ಸ್ಟೀರಿಂಗ್ ಮೇಲೆ ತಲೆಯಿಟ್ಟು ಅಳತೊಡಗಿದಳು. ಎಡಗಡೆ ಬಾಗಿಲು ತೆಗೆಯಲು ಬರಲಿಲ್ಲ. ಮೇಡಂ ಸೀಟು ದಾಟಿ ಹಿಂದಕ್ಕೆ ಬಂದು, ನಾನು ಇಳಿದ ಮೇಲೆ ಬಲಗಡೆಯಿಂದ ಇಳಿದರು. ಎರಡು ಬಾಗಿಲುಗಳ ಉದ್ದಕ್ಕೂ ಬಣ್ಣ ಸುಲಿದುಹೋಗಿತ್ತು. ಅವರು ಮಂಡಿಯೂರಿ ಕೂತು ನೋಡಿದರು. ತುಂಬ ಹೊತ್ತು ನೋಡಿದರು. ನಾನು ಅವರ ಮುಖ ನೋಡುವ ಧೈರ್ಯವಿಲ್ಲದೆ ಗದ್ದೆಯ ಕಡೆ ತಿರುಗಿ ನಿಂತೆ.

"ಏ, ಇಲ್ಲಿ ಬಾ" ಎಂದರು. ದನಿಯಲ್ಲಿ ದುಃಖವಿರಲಿಲ್ಲ. ಹೋದೆ. ಸುಲಿದ ಅಂಚನ್ನು ಬೆರಳಿನಿಂದ ತೋರಿಸಿದರು. ಸೆಲ್ವಂನ ಕಪ್ಪು, ಅದರ ಕೆಳಗೆ ಡಾಕ್ಟರ ಕಾಲದ ಕಪ್ಪು, ಅದರ ಕೆಳಗೆ, ಕಲ್ಲು ಆಳವಾಗಿ ತಾಗಿದ ಕಡೆ, ನೀಲಿ. ನವಿಲಿನ ಕತ್ತಿನ ಹಾಗೆ ಅಚ್ಚ ನೀಲಿ.

"ಇದು ನೀಲಿ ಕಾರು ಕಣೋ" ಎಂದರು. "ಇಷ್ಟು ದಿನ ಗೊತ್ತೇ ಇರಲಿಲ್ಲ."

ರೇವತಿಯನ್ನೂ ಕರೆದು ತೋರಿಸಿದರು. ಅವಳು ಕ್ಷಮಿಸಿ ಎನ್ನಲು ಹೊರಟಳು, ಮೇಡಂ ಕೇಳಿಸಿಕೊಳ್ಳಲಿಲ್ಲ. ಯಾವ ನೀಲಿ ಇರಬಹುದು, ಕಂಪನಿಯದೇ ಬಣ್ಣವೋ, ಯಾವ ವರ್ಷದ್ದೋ ಎಂದು ಅವಳನ್ನೇ ಕೇಳತೊಡಗಿದರು. ಹುಡುಗಿ ಮೂಗು ಒರೆಸಿಕೊಳ್ಳುತ್ತಾ ಬಗ್ಗಿ ನೋಡಿದಳು. ಮೂವರೂ ರಸ್ತೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಆ ನೀಲಿಯನ್ನು ನೋಡಿದೆವು.

ಆಮೇಲೆ ಮೇಡಂ ಎದ್ದು, ಸೀರೆಯ ಮಣ್ಣು ಕೊಡವಿಕೊಂಡರು.

"ಅಳೋದು ಮುಗೀತಾ? ಹತ್ತು" ಎಂದರು ರೇವತಿಗೆ. "ರಿವರ್ಸ್ ಇನ್ನೂ ಬಾಕಿ ಇದೆ."

ಅವಳು ಕಣ್ಣೊರೆಸಿಕೊಂಡು ಸ್ಟೀರಿಂಗ್ ಮುಂದೆ ಕೂತಳು. ನಾನು ಕಾರಿನ ಹಿಂದೆ ರಸ್ತೆಯ ಮಧ್ಯಕ್ಕೆ ಹೋಗಿ ನಿಂತು, ಎರಡೂ ಕಡೆ ನೋಡಿ, ಯಾರೂ ಇಲ್ಲ, ಬಾ ಎಂದು ಕೈ ಬೀಸಿದೆ.